ಅಂಚಿನಿಂದ ನಡುವಿಗೆ

ಗುಂಡ್ಲುಪೇಟೆ, ೧೯೯೯

ಅವ್ವ,

ಇವತ್ತು ಗೆದ್ದೆ. ನಿನ್ನ ಫೋಟೊ ಎಂದು ಉಳಿದಿದ್ದು ನನ್ನ ಮದುವೆಯ ಗುಂಪಿನದೊಂದೇ. ಗಂಡ ಸತ್ತವಳೆಂದು ಅದರಲ್ಲಿ ನಿನ್ನನ್ನು ಅಂಚಿಗೆ ನಿಲ್ಲಿಸಿದ್ದರು. ಸ್ಟುಡಿಯೊ ನಾಗೇಂದ್ರ ನಿನ್ನ ಮುಖವನ್ನಷ್ಟೇ ಕಂಪ್ಯೂಟರಿಗೇರಿಸಿ ದೊಡ್ಡದಾಗಿ ಪ್ರಿಂಟ್ ತೆಗೆದರೆ, ಕಣ್ಣು ಮೂಗು ಒಡೆದು ಬರೀ ಚೌಕ ಚೌಕ.

"ಸ್ಕ್ರೀನ್ನಾಗೆ ಲಕ್ಷಣವಾಗವ್ರಲ್ಲ, ಬುಡಿ ಸಾ," ಎಂದ.

"ಗ್ವಾಡೆಗೆ ನಿನ್ನ ಕಂಪ್ಯೂಟರ್ ನೇತಾಕ್ಲಾ? ಸ್ಕ್ರೀನಿಗೆ ಎಪ್ಪತ್ತೆರಡು ಚುಕ್ಕಿ ಸಾಕು ಕಣಯ್ಯಾ, ಕಾಗದಕ್ಕೆ ಇಂಚಿಗೆ ಮುನ್ನೂರು ಬೇಕು!"

ಜಗಳವಾಡಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಈಗ ನಿನ್ನ ಗಲ್ಲದ ಹಚ್ಚೆಯೂ ಕಾಣುತ್ತದೆ. ನಾಳೆ ಪಿತೃಪಕ್ಷದ ಎಡೆಗೆ ಗೋಡೆಯ ನಡುವೆ ನೀನೊಬ್ಬಳೇ. ಅಂಚಿಗೆ ಸರಿಸಲು ಯಾರು ಬರುತ್ತಾರೋ ಬರಲಿ, ನೋಡುತ್ತೇನೆ.

ಗುಂಪಿನ ಫೋಟೊವನ್ನು ಪೆಟ್ಟಿಗೆಯೊಳಗಿಟ್ಟೆ. ಅದರ ನಡುವೆ ಹಾರ ಹಾಕಿಕೊಂಡು ನಗುತ್ತಿರುವವನು ನಾನು.