ಹಳದಿ ಯಂತ್ರ ಆರಿಸಿದ ದಿನ

ಮನೆಯಿಂದ,
ಮಾರ್ಚ್ ೮, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಚಿಕ್ಕಮ್ಮನ ಸೊಂಟದ ಮೂಳೆ ಕೂಡಿಕೊಳ್ತಾ ಬಂತಾ? ಗೋಡೆ ಹಿಡ್ಕೊಂಡಾದರೂ ನಡೀತಿದ್ದಾರಾ? ಅವರ ಆರೈಕೆಯಲ್ಲಿ ನಿನ್ನ ಮಂಡಿ ನೋವನ್ನ ಮರೀಬೇಡ. ಊಟಕ್ಕೆ ಕೂತರೆ ನೀನಾಗಿ ಇನ್ನೊಂದು ತುತ್ತು ಕೇಳೋವಳಲ್ಲ ಅಂತ ಆ ಮನೆಯವರಿಗೆ ಗೊತ್ತಿರಲ್ಲ, ನಾಚ್ಕೋಬೇಡ. ಇಲ್ಲಿ ನಾವಿಬ್ಬರೂ ಆರಾಮ. ಹಸುಗಳೂ ಆರಾಮ, ಮೋಟುಕೋಡಿನವಳು ಮಾತ್ರ ನಿನ್ನ ಕೈಗೆ ಕೊಟ್ಟಷ್ಟು ಹಾಲು ನನಗೆ ಕೊಡೋದಿಲ್ಲ, ಅವಳಿಗೂ ನಿನ್ನದೇ ಜಪ. ಫೋನಿದ್ದೂ ಪತ್ರ ಯಾಕೆ ಅಂತೀಯಾ? ಫೋನ್ ಮಾಡಿದಾಗೆಲ್ಲ ಅಪ್ಪ ಪಕ್ಕದಲ್ಲೇ ಕೂತಿರ್ತಾರೆ, ಅದಕ್ಕೆ.

ಟೆಲಿಹ್ಯಾಂಡ್ಲರ್ ತಗೊಂಡ್ವಿ ಅಮ್ಮಾ. ಹಳೇದು. ಟ್ರ್ಯಾಕ್ಟರಿಗೆ ಸೊಂಡಿಲು ಮೂಡಿದರೆ ಹೇಗಿರತ್ತೋ ಹಾಗಿದೆ. ಸೊಂಡಿಲು ಒಂದರೊಳಗೊಂದು ಸೇರಿಕೊಂಡಿರತ್ತೆ, ಬೇಕಾದಾಗ ಮುಂದಕ್ಕೆ ಚಾಚಿ, ಒಣಹುಲ್ಲಿನ ದೊಡ್ಡ ಉರುಳೆಯನ್ನ ಮಾಡಿನ ಎತ್ತರಕ್ಕೆ ಎತ್ತಿ ಇಡತ್ತೆ. ಉರುಳೆ ಏರಿಸೋಕೆ ಬರ್ತಿದ್ದ ಆಳುಗಳಿಬ್ಬರೂ ಇಟ್ಟಿಗೆ ಕಾರ್ಖಾನೆಗೆ ಸೇರಿಕೊಂಡ್ರು. ಈ ವಯಸ್ಸಲ್ಲಿ ಅಪ್ಪ ಏಣಿ ಹತ್ತೋದನ್ನ ನನ್ನಿಂದ ನೋಡೋಕಾಗ್ತಿರಲಿಲ್ಲ. ಯಂತ್ರ ಬೇಕೇ ಬೇಕು ಅಂತ ಹಠ ಹಿಡಿದವಳೂ ನಾನೇ. ಈಗ ಯಾರನ್ನ ಬೈಯಲಿ?

ಹೋದ ವಾರ ನೋಡೋಕೆ ಹೋದ್ವಿ. ಟ್ರ್ಯಾಕ್ಟರ್ ರಿಪೇರಿಯ ಗ್ರೀಸಣ್ಣನೂ ಜೊತೆಗೆ ಬಂದರು. ಮಾರಾಟದ ಅಂಗಳದಲ್ಲಿ ಎರಡು ನಿಂತಿದ್ವು. ಕೆಂಪುದು ಬಣ್ಣ ಕಿತ್ತು ಕಜ್ಜಿನಾಯಿ ಹಾಗಿತ್ತು. ಗ್ರೀಸಣ್ಣ ಅದರ ಸೊಂಡಿಲನ್ನ ಪೂರ್ತಿ ಚಾಚಿಸಿ, ಕೆಳಗೆ ಅಂಗಾತ ಮಲಗಿ, ಬೆಸುಗೆಗಳನ್ನ ಒಂದೊಂದಾಗಿ ಸವರಿ, ಗಟ್ಟಿಯಾಗಿದೆ ಅಂತ ತಲೆಯಾಡಿಸಿದರು. ಹಳದೀದು ಮದುಮಗನ ಹಾಗೆ ಮಿಂಚ್ತಿತ್ತು. ಅದರ ಎಂಜಿನ್ ಮುಚ್ಚಳದ ಮೇಲೆ ಕೈಯಿಟ್ಟರೆ ಬಿಸಿ. ತಣ್ಣಗಿದ್ದರೆ ಬೇಗ ಚಾಲೂ ಆಗಲ್ಲ ಅಂತ, ನಾವು ಬರೋ ಮುಂಚೆಯೇ ಓಡಿಸಿ ಇಟ್ಟಿದ್ದರು. ಸೊಂಡಿಲಿನ ಬುಡದಲ್ಲಿ ಗ್ರೀಸಣ್ಣ ಉಗುರಿಂದ ಹೊಸ ಬಣ್ಣ ಕೆರೆದರು. ಒಳಗೆ ಬಿರುಕು, ಬೆರಳುದ್ದ.

ಅಪ್ಪನಿಗೂ ತೋರಿಸಿದರು. ಅಪ್ಪ ಬಗ್ಗಿ ನೋಡಿ, ಏನೂ ಇಲ್ಲವಲ್ಲ ಅಂದರು. ನಾನು ತಮಾಷೆ ಅಂದ್ಕೊಂಡೆ. ಆಮೇಲೆ ಸೀಟಿನ ಮೇಲೆ ಹತ್ತಿ ಕೂತು, ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಮೀಟರಿನ ಹತ್ತಿರ ಮುಖ ಒಯ್ದು, ಮೂರು ಸಾವಿರ, ಹೊಸದೇ ಅನ್ನು, ಅಂತ ಎಲ್ಲರಿಗೂ ಕೇಳೋ ಹಾಗೆ ಓದಿದರು. ಅಲ್ಲಿದ್ದದ್ದು ಎಂಟು ಸಾವಿರ. ಮಾರೋನು ನನ್ನ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡ್ಕೊಂಡ. ಅಪ್ಪ, ಎಂಟು, ಅಂತ ಮೆಲ್ಲಗೆ ಅಂದೆ. ಅವರ ಕಿವಿ ಕೆಂಪಾಯ್ತು.

"ನನಗೆ ಓದೋಕೆ ಬರಲ್ವಾ?" ಅಂದರು.

ಅಷ್ಟು ಜನರ ಎದುರು ನಾನೇನು ಹೇಳಲಿ ಅಮ್ಮಾ? ಕೆಂಪುದೇ ಇಷ್ಟ ಆಯ್ತು ಅಂದೆ. ಬಣ್ಣ ನೋಡಿ ಆರಿಸೋಕೆ ಇದೇನು ರಿಬ್ಬನ್ನಾ ಅಂದರು. ಗ್ರೀಸಣ್ಣನೂ ಹಳದೀದು ಬೇಡ ಅಂತ ಎರಡು ಸಲ ಹೇಳಿ ಸುಮ್ಮನಾದರು. ಅವರಿಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದವರೇ ಅಪ್ಪ, ಗುರುವಿಗೆ ತಿರುಮಂತ್ರ ಹಾಕೋದು ಹೇಗೆ? ನಾನು ನೋಡ್ತಾ ನಿಂತಿರೋ ಹಾಗೇ ಹಳದೀದರ ವ್ಯಾಪಾರ ಮುಗೀತು. ವಾಪಸ್ ಬರೋವಾಗ ಅಪ್ಪ ಕಿಟಕಿ ಕಡೆ ಮುಖ ಮಾಡ್ಕೊಂಡು, ಕೆಂಪುದು ಯಾವುದು, ಎಡಗಡೆ ನಿಂತಿತ್ತಲ್ಲ ಅದಾ, ಅಂತ ಕೇಳಿದರು. ಹೌದು ಅಂದೆ.

ಮೊನ್ನೆ ಹಳದೀದು ಬಂದು ಅಂಗಳದಲ್ಲಿ ನಿಂತಿದೆ. ಬಿರುಕಿಗೆ ಬೆಸುಗೆ ಹಾಕೋವರೆಗೂ ಭಾರ ಎತ್ತಬೇಡಿ ಅಂತ ಗ್ರೀಸಣ್ಣ ಹೇಳಿ ಹೋಗಿದ್ದಾರೆ. ಅಪ್ಪ ಹೂಂ ಅಂದಿದ್ದಾರೆ, ಅವರ ಹೂಂ ನಿನಗೆ ಗೊತ್ತಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಎದ್ದು ಹೊರಗೆ ಹೋಗ್ತಾರೆ. ನನಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಗಿದೆ. ನೀನು ಹೊರಡೋ ಮುಂಚೆ ಅಪ್ಪ ಪೇಪರ್ ಓದ್ತಿದ್ದರಾ? ಎಷ್ಟು ಯೋಚಿಸಿದರೂ ನೆನಪಾಗ್ತಿಲ್ಲ.

ಚಿಕ್ಕಮ್ಮನಿಗೆ, ಮಲಗಿದ್ದು ಸಾಕು, ಎದ್ದು ಓಡಾಡಿ ಅಂತ ನಾನು ಗದರಿದೆ ಅಂತ ಹೇಳು. ಅವರಿಗೆ ನಮಸ್ಕಾರ. ನಿನ್ನ ಮಡಿಲಿಗೆ ನನ್ನ ತಲೆ.

ನಿನ್ನ ಮಗಳು

ವಿ.ಸೂ.: ಲಕೋಟೆಗೆ ಅಂಟು ಹಚ್ಚೋಷ್ಟರಲ್ಲಿ ಹಿತ್ತಲಲ್ಲಿ ದಢಾರ್ ಅಂತ ಸದ್ದಾಯ್ತು. ಅಪ್ಪ ಒಬ್ಬರೇ ಯಂತ್ರ ತೆಗೆದು, ಉರುಳೆ ಎತ್ಕೊಂಡು, ಬಾಗಿಲು ಅಂದ್ಕೊಂಡು ಕೊಟ್ಟಿಗೆಯ ಗೋಡೆಗೆ ನುಗ್ಗಿಸಿದ್ದಾರೆ. ಗೋಡೆ ಹೋಯ್ತು. ಹಸುಗಳು ಮೇಯೋಕೆ ಹೋಗಿದ್ವು, ಪುಣ್ಯ. ಅಪ್ಪನಿಗೆ ಪೆಟ್ಟಾಗಿಲ್ಲ. ಇಳಿದು, ಚಕ್ರ ಹಿಡ್ಕೊಂಡು, ಮಗಳು ಒಳಗಿದ್ದಳಾ, ಯಾರಾದರೂ ನೋಡಿ, ಅಂತ ಕೂಗ್ತಿದ್ದರು. ನಾನು ಅವರ ಎದುರಿಗೇ ನಿಂತಿದ್ದೆ ಅಮ್ಮಾ. ಇಲ್ಲೇ ಇದ್ದೀನಿ ಅಂದಾಗ ನನ್ನ ಮುಖ ತಡವಿ ನೋಡಿ, ಮಣ್ಣಲ್ಲೇ ಕೂತುಬಿಟ್ಟರು. ಫೋನಲ್ಲಿ ಹೇಳೋಕೆ ಅವರಿಗೂ ಆಗಲ್ಲ, ನನಗೂ ಆಗಲ್ಲ. "ನಿಮ್ಮಮ್ಮನಿಗೆ ಬರಿ, ನನಗೆ ಕಣ್ಣು ಕಾಣ್ತಿಲ್ಲ ಅಂತ ಬರಿ" ಅಂದರು. ಬರೆದಿದ್ದೀನಿ. ಬಾ.