ಹೂತಿಟ್ಟ ಅಲ್ಲೆಲೂಯ

ತಪಸ್ಸುಕಾಲದ ಐದನೆಯ ವಾರ, ಬುಧವಾರ

ಪ್ರೀತಿಯ ತಂಗಿ ಒದಿಲಾಳಿಗೆ, ಮಠದಿಂದ ನಿನ್ನ ಅಕ್ಕನ ನೆನಪುಗಳು.

ಮ್ಯೂಜ್ ನದಿ ಉಕ್ಕಿ ದೋಣಿ ನಿಂತಿತ್ತು, ಅದಕ್ಕೇ ತಡವಾಯಿತು ಎಂದು ಬರೆಯಲು ಹೊರಟೆ. ಸುಳ್ಳು. ದೋಣಿ ಎರಡು ಸಲ ಹೋಯಿತು. ನನ್ನ ಕೈ ಏಳಲಿಲ್ಲ. ನಿನ್ನ ಮಗಳು ಗಿಸ್ಲಾ ತೀರಿಕೊಂಡ ಸುದ್ದಿ ಆಗಲೇ ನಿನಗೆ ಮುಟ್ಟಿದೆ. ಅವಳ ಕೊನೆಯ ದಿನವನ್ನು ನಾನೇ ಹೇಳಬೇಕು.

ಉಪವಾಸದ ತಪಸ್ಸುಕಾಲಕ್ಕೆ ಮುನ್ನ ನಾವು ಅಲ್ಲೆಲೂಯವನ್ನು, ಆ ಸಂತಸದ ಸ್ತುತಿಪದವನ್ನು, ಹೂಳುವುದು ನಿನಗೆ ಗೊತ್ತಲ್ಲ. ಅದರ ಹೆಸರಿನಲ್ಲಿ ಮಣ್ಣಿನ ಹೆಂಟೆಯೊಂದನ್ನು ಬಟ್ಟೆಯಲ್ಲಿ ಸುತ್ತಿ, ಸೇಬಿನ ಮರದಡಿ ಹೂತು ಬರುತ್ತೇವೆ. ಆಮೇಲೆ ಯೇಸು ಎದ್ದುಬಂದ ಪಾಸ್ಕಹಬ್ಬದವರೆಗೆ ಆ ಪದ ಯಾರ ಬಾಯಲ್ಲೂ ಬರಕೂಡದು. ಈ ಸಲ ಹೆಂಟೆ ಹೊತ್ತವಳು ಗಿಸ್ಲಾ. "ದೊಡ್ಡಮ್ಮಾ, ಇದಿನ್ನೂ ಉಸಿರಾಡ್ತಿದೆ!" ಎಂದು ನಕ್ಕಳು. "ಹೆಣ ಹೊರೋವಾಗ ಹಲ್ಲು ಕಿರೀತೀಯಲ್ಲೇ, ಕತ್ತೆ," ಎಂದು ಮುದುಕಿ ಬೆರ್ತಾ ಬೈದಳು.

ಮೂರನೆಯ ವಾರ ಅವಳಿಗೆ ಜ್ವರ ಬಂತು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಪಾಸ್ಕದವರೆಗೆ ನಾನು ಇರಲ್ಲ, ದೊಡ್ಡಮ್ಮಾ. ಅಲ್ಲೆಲೂಯ ಒಂದ್ಸಲ ಹಾಡಿ. ಮೆಲ್ಲಗೆ," ಎಂದಳು.

"ಹೂತದ್ದನ್ನ ಅಗೀಬಾರದು, ಮಗಳೇ."

"ಹಾಗಾದ್ರೆ ಅಲ್ಲಿಗೇ ಹೋಗಿ ಕೇಳ್ಕೋತೀನಿ, ಬಿಡಿ," ಎಂದು ಗೋಡೆಯ ಕಡೆ ತಿರುಗಿದಳು. ಅಂದೇ ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆಯುವಾಗ ಹೋದಳು.

ರೂಢಿಯಂತೆ ಮೂವತ್ತು ದಿನ ಊಟದ ಮೇಜಿನಲ್ಲಿ ಅವಳ ಜಾಗಕ್ಕೆ ರೊಟ್ಟಿ ಇಟ್ಟು, ಆಮೇಲೆ ಬಡವರಿಗೆ ಕೊಡುತ್ತೇವೆ. ಹಾಡುವ ಸಾಲಿನಲ್ಲೂ ನನ್ನ ಎದುರಿಗೆ ಅವಳ ಜಾಗ ಖಾಲಿ. ಲ್ಯಾಟಿನ್ ಕೀರ್ತನೆಯ ಪ್ರತಿ ಸಾಲಿನ ನಡುವೆ ಎಲ್ಲರೂ ಒಟ್ಟಿಗೆ ತಡೆದು ಉಸಿರು ಎಳೆದುಕೊಳ್ಳುತ್ತೇವೆ. ಆ ಮೌನದಲ್ಲಿ ಖಾಲಿ ಜಾಗದಿಂದಲೂ ಒಂದು ಉಸಿರು ಕೇಳಿಸುತ್ತದೆ. ಹಾಡಲು ಸಿದ್ಧವಾದ ಉಸಿರು. ಹಾಡು ಮುಂದುವರಿದರೆ ದನಿ ಮಾತ್ರ ಬರುವುದಿಲ್ಲ. ಅದರ ಪಕ್ಕದಲ್ಲೇ ನಿಲ್ಲುವ ಬೆರ್ತಾಳಿಗೆ ಹೇಳಿದೆ. "ನನ್ನ ಗೂರಲು ಕಣೇ ಅದು," ಎಂದಳು. ಮರುದಿನ ಸಾಲಿನ ಆ ತುದಿಗೆ ಹೋಗಿ ನಿಂತಳು.

ಪಾಸ್ಕದಂದು ಹೆಂಟೆ ತೆಗೆದ ಮೇಲೆ ಅಲ್ಲೆಲೂಯವನ್ನು ಮೊದಲು ಒಬ್ಬಳೇ ಹಾಡಿ ಎತ್ತಿಕೊಡಬೇಕಾದವಳು ಈಗ ನಾನೇ. ಬಾಯಿ ತೆರೆದರೆ ಏನು ಬರುತ್ತದೋ, ಯಾರ ದನಿ ಬರುತ್ತದೋ.

ನಿನ್ನ ಒಲೆ ಆರದಿರಲಿ, ಉಳಿದ ಮಕ್ಕಳು ನಿನ್ನ ಕಣ್ಣೆದುರೇ ಬೆಳೆಯಲಿ. ದೇವರು ಕಾಯಲಿ.

ನಿನ್ನ ಅಕ್ಕ,
ಹೆರ್ಸೆಂದ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಅಂದು ಗಿಸ್ಲಾ ಹಾಡಲು ಕೇಳಿದಾಗ ಮಠದ ತಾಯಿಯವರು ಬಾಗಿಲಲ್ಲೇ ನಿಂತಿದ್ದರು. "ಸಾಯೋ ಮಗೂಗೆ ಎಂಥ ನೇಮ? ಹಾಡೇ, ಹೆರ್ಸೆಂದ," ಎಂದರು. ನಾನು ಹಾಡಲಿಲ್ಲ. ಇಪ್ಪತ್ತೆರಡು ವರ್ಷ ನಾನು ಎತ್ತಿಕೊಟ್ಟ ಆ ಹಾಡನ್ನು, ಈ ಪಾಸ್ಕಕ್ಕೆ ಅವರು ಗಿಸ್ಲಾಳಿಗೆ ಕೊಟ್ಟಿದ್ದರು.