ರೋಗ ಮಲಗಿದ್ದ ತಿಂಗಳು

ಕುಮಟಾ
೮ ನವೆಂಬರ್ ೨೦೦೬, ಬುಧವಾರ

ಪ್ರೀತಿಯ ರೇಖಾ,

ಸರ್ಕಾರದವರು ಮೇ ಕೊನೆಗೆ ಚಿಕಿತ್ಸೆಯ ಹಣದ ಮಂಜೂರಾತಿ ಪತ್ರ ಕೊಡುತ್ತೇವೆ ಎಂದರು. ಮೇ ತಿಂಗಳಲ್ಲಿ ಕೊಡಲಿಲ್ಲ. ಕರಾವಳಿಗೊಂದು ಕ್ಯಾನ್ಸರ್ ವಾರ್ಡು ಎಂದರು. ಒಂದು ಕಲ್ಲೂ ನೆಡಲಿಲ್ಲ. ಬೆಂಗಳೂರಿಗೆ ಹೋಗಿಬರಲು ಗಾಡಿ ಎಂದರು. ನಿನ್ನ ಅವ್ವಿ ಜ್ವರದಲ್ಲೇ ಸಾದಾ ಬಸ್ಸಿನಲ್ಲಿ ಘಟ್ಟ ಹತ್ತಿದಳು. ಮನವಿ ಹಿಡಿದು ಹೋದರೆ ಸಾಹೇಬರು ಊಟಕ್ಕೆ ಹೋಗಿದ್ದರು. ನಮ್ಮ ಜನ ಸಾಯುವಾಗಲೆಲ್ಲ ಅವರು ಊಟಕ್ಕೇ ಹೋಗಿರುತ್ತಾರೆ.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಅಕ್ಕ ತೀರಿಕೊಂಡು ಇಪ್ಪತ್ತಾರು ದಿನವಾಯಿತು. ಹೆಬಳೆಯಲ್ಲಿ ನಿನ್ನ ಮನೆಯವರು ಕ್ಷೇಮವೇ? ಮಗು ಗಂಜಿ ತಿನ್ನುತ್ತಿದೆಯೇ?

‘ಬೇಸಿಗೆಯಲ್ಲಿ ಗಟ್ಟಿ ಇದ್ದ ಅವ್ವಿಗೆ ಮಳೆಗಾಲದಲ್ಲಿ ಎಂತ ಆಯ್ತು ಮಾವ?’ ಎಂದು ಕೇಳಿದ್ದೀಯ. ಗುಣವಾಯಿತು ಎಂದು ಡಾಕ್ಟರು ಹೇಳಿರಲೇ ಇಲ್ಲ. ಔಷಧಿಗೆ ರಕ್ತದ ರೋಗ ಮಲಗಿದೆ, ಮಲಗಿದ್ದಾಗಲೇ ಹೊಸ ರಕ್ತ ಹುಟ್ಟಿಸುವ ಕಾಂಡಕೋಶವನ್ನು ತಮ್ಮನಿಂದ ತೆಗೆದು ಅವಳ ಮೈಗೆ ಹಾಕಬೇಕು, ಎದ್ದ ಮೇಲೆ ಆಸೆ ಕಡಿಮೆ ಎಂದಿದ್ದರು. ನನ್ನದು ಅವಳಿಗೆ ಪೂರ್ತಿ ಹೊಂದಿತ್ತು.

ಅವಳೋ, ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಟೇಬಿಡುತ್ತಿದ್ದಳು. ತಡೆದರೆ, ‘ಸುಮ್ನಿರಾ ತಮ್ಮಾ, ನಿನ್ನ ಭಾಷಣಕ್ಕಿಂತ ನನ್ನ ಬುಟ್ಟಿ ಹಗುರ’ ಎನ್ನುವಳು. ಪೋಸ್ಟ್‌ಮನ್ ನಾರಾಯಣ ಕಂಡರೆ ಅಡ್ಡಗಟ್ಟುವಳು: ‘ನನ್ನ ಜೀವ ನಿನ್ನ ಚೀಲದಲ್ಲಿ ಕೂತದೆ, ತೆಗಿಯಾ ಮಾರಾಯಾ!’

ನಮ್ಮ ಮೀನುಗಾರರ ಸಂಘದ ಕಾರ್ಯದರ್ಶಿ ಕಮಲಾಕರ ಕರಪತ್ರ ಅಚ್ಚು ಹಾಕಿಸಿದ್ದಾನೆ: ‘ಸರ್ಕಾರದ ವಿಳಂಬಕ್ಕೆ ನೀಲಾ ಬಲಿ.’ ‘ದೇವಪ್ಪಣ್ಣ, ಭಾನುವಾರದ ಸಭೇಲಿ ರೇಖಾನೇ ಮಾತಾಡ್ಲಿ. ಮಗಳ ಬಾಯಿಂದ ಬಂದ್ರೆ ಹೊನ್ನಾವರ ನಡುಗ್ತದೆ’ ಎಂದ. ಆತು ಎಂದುಬಿಟ್ಟೆ. ಈಗ ಹೇಳುತ್ತೇನೆ, ನೀನು ಮಾತಾಡಬೇಡ. ಕಾರಣ ಬರೆದ ಮೇಲೆ ನಿನ್ನನ್ನು ಹರಸುವ ಕೈ ನನಗೆ ಉಳಿಯುವುದಿಲ್ಲ, ಅದಕ್ಕೆ ಮೊದಲೇ ಹರಸುತ್ತೇನೆ. ನಿನ್ನ ಹೊಟ್ಟೆ ತಣ್ಣಗಿರಲಿ, ಮಗು ಬೆಳೆಯಲಿ.

ನಿನ್ನ ಮಾವ
ದೇವಪ್ಪ

ತಾ.ಕ.: ಮಂಜೂರಾತಿ ಆಗಸ್ಟಿನಲ್ಲಿ ಬಂತು ಎಂದು ನಿನಗೆ ಹೇಳಿದ್ದು ಸುಳ್ಳು. ಜುಲೈ ಮೂರಕ್ಕೇ ಸಂಘದ ವಿಳಾಸಕ್ಕೆ ಬಂದಿತ್ತು. ನಾವಿಬ್ಬರೂ ಬಂದು ಸೇರಲು ಆಸ್ಪತ್ರೆ ಅದೇ ತಿಂಗಳ ಹತ್ತನೇ ತಾರೀಖು ಕೊಟ್ಟಿತು. ಐದರಿಂದ ಹೊನ್ನಾವರದಲ್ಲಿ ಮೀನು ಮಾರುವ ಹೆಂಗಸರ ಧರಣಿ. ಲಿಖಿತ ಭರವಸೆ ಸಿಗುವ ಮುಂಚೆ ಚಾಪೆ ಬಿಟ್ಟು ಎದ್ದವನು ದ್ರೋಹಿ ಎಂದು ಗೊತ್ತುವಳಿ ಮಂಡಿಸಿದವನು ನಾನೇ. ಏಳಲು ನಾಚಿಕೆಯಾಯಿತು. ಫೋನು ಮಾಡಿ ತಾರೀಖು ಮುಂದೆ ಹಾಕಿಸಿದೆ. ಖಾಲಿ ಇದ್ದದ್ದು ಆಗಸ್ಟ್ ಹದಿನಾಲ್ಕು. ಅಕ್ಕನಿಗೆ ಪತ್ರವೇ ಬಂದಿಲ್ಲ ಎಂದೆ. ಅವಳು ನಂಬಿದಳು. ಆಗಸ್ಟಿನಲ್ಲಿ ಪರೀಕ್ಷೆ ಮಾಡಿದಾಗ ರೋಗ ಎದ್ದಿತ್ತು.

ಸರ್ಕಾರ ಕದ್ದದ್ದು ಒಂದು ತಿಂಗಳು, ನಾನು ಕದ್ದದ್ದು ಇನ್ನೊಂದು. ಎರಡನ್ನೂ ನಾನೇ ಹೇಳುತ್ತೇನೆ, ಆ ಹೆಂಗಸರ ಎದುರಿಗೆ, ನಿನ್ನ ಎದುರಿಗೆ. ಬಂದು ಮುಂದಿನ ಸಾಲಿನಲ್ಲಿ ಕೂರು. ಸಭೆ ಈ ಭಾನುವಾರ, ಹನ್ನೆರಡನೇ ತಾರೀಖು, ಹೊನ್ನಾವರದ ಮೀನು ಮಾರ್ಕೆಟ್ಟಿನ ಎದುರು, ಬೆಳಿಗ್ಗೆ ಹತ್ತೂವರೆಗೆ.